ಕೇಳದೇ ಬಂದ ಅಪ್‌ಡೇಟ್

ಕುಣಿಗಲ್‌ನ ನಸೀಮಾ ಮೇಡಂ ಮನೆಯಿಂದಲೇ ಆನ್‌ಲೈನ್ ಟ್ಯೂಷನ್ ಮಾಡ್ತಾರೆ. ನಮ್ಮ ಇಂಟರ್‌ನೆಟ್ ಕಂಪನಿ ಅವರ ರೂಟರ್‌ಗೆ ಅಪ್‌ಡೇಟ್ ಕಳಿಸಿದ ಮೇಲೆ ಪಾಠದ ಮಧ್ಯೆ ಪದೇ ಪದೇ ನೆಟ್ ಹೋಗ್ತಿತ್ತು. ರಿಪೇರಿಗೆ ಹೋದ ನನ್ನನ್ನು ಬಾಗಿಲಲ್ಲೇ ಹಿಡಿದರು.

"ಅಪ್‌ಡೇಟ್ ಬೇಕು ಅಂತ ಯಾರ್ರೀ ಕೇಳಿದ್ದು?"

"ಅದು ತಾನಾಗೇ ಆಗುತ್ತೆ, ಮೇಡಂ."

"ನನ್ನ ಮನೇಲಿ, ನನ್ನನ್ನ ಕೇಳ್ದೆ? ಮಕ್ಕಳು ಟ್ಯೂಷನ್ ಬಿಟ್ಟು ಹೋಗ್ತವ್ರೆ!"

ತುಮಕೂರಿನ ಆಫೀಸಿಗೆ ಫೋನ್ ಮಾಡಿ, ಹಳೇ ಸಾಫ್ಟ್‌ವೇರನ್ನೇ ವಾಪಸ್ ಹಾಕಿ ಅಂದೆ.

"ಆಗಲ್ಲ. ಆಫ್ ಮಾಡಿ, ಆನ್ ಮಾಡಿ, ಬಂದ್ಬಿಡಿ" ಅಂದರು ಸಾಹೇಬರು.

"ನೀವೇ ಬಂದು ಬೈಸ್ಕೊಳ್ಳಿ ಸಾರ್!" ಅಂತ ಕಿರುಚಿ ಫೋನಿಟ್ಟೆ. ನನ್ನ ಸಿಟ್ಟು ನೋಡಿ ಮೇಡಂ ತಣ್ಣಗಾದರು.

ಬ್ಯಾಗಿನಲ್ಲಿ ಯಾರೋ ವಾಪಸ್ ಕೊಟ್ಟಿದ್ದ ಹಳೇ ರೂಟರ್ ಇತ್ತು. ಹಾಕಿದೆ. ನೆಟ್ ಸರಾಗವಾಗಿ ಬಂತು.

"ಇದಕ್ಕೂ ಅಪ್‌ಡೇಟ್ ಬರುತ್ತಾ?"

"ಇಲ್ಲ ಮೇಡಂ, ಇದನ್ನ ಕಂಪನಿಯವರು ಮರೆತೇಬಿಟ್ಟವ್ರೆ."

ಹೇಳಬಾರದು, ನನ್ನ ಮನೇಲಿರೋದೂ ಅಂಥದ್ದೇ.