ಹೊಳೆದಂಡೆಯ ಹಕ್ಕಿ ಗೋಪುರ

೧೯೯೪ರಲ್ಲಿ ಏಳನೇ ತರಗತಿಗೇ ಓದು ನಿಲ್ಲಿಸಿ ಗಾರೆ ಕೆಲಸಕ್ಕೆ ಸೇರಿದವನು ನಾನು. ಅಂದಿನಿಂದ ನಾನು ಕಟ್ಟಿದ್ದು ಒಂದೂ ಬಿರುಕು ಬಿಟ್ಟಿಲ್ಲ. ಹೋದ ವರ್ಷ ಹರಿಹರದ ಹತ್ತಿರ, ತುಂಗಭದ್ರೆಯ ದಂಡೆಯಲ್ಲಿ, ಹಕ್ಕಿ ನೋಡಲೆಂದು ಒಂದು ಗೋಪುರ ಕಟ್ಟಿದೆ. ಕೆಲಸ ನಡೆಯುವಾಗ ಸಂಜೆಯಾದರೆ ಎದುರಿನ ಜಾಲಿಮರಗಳ ತುಂಬ ಬೆಳ್ಳಕ್ಕಿ ಬಂದು ಕೂರುತ್ತಿದ್ದವು. ಹಕ್ಕಿಯನ್ನೂ ನನ್ನ ಕೆಲಸವನ್ನೂ ಹೆಂಡತಿ ಗಿರಿಜಾಗೆ ತೋರಿಸಬೇಕೆಂದು ಇವತ್ತು ದಾವಣಗೆರೆಯಿಂದ ಬಸ್ಸಿನಲ್ಲಿ ಕರೆತಂದೆ.

ಗೋಪುರ ಹತ್ತಿ ಹೊತ್ತು ಮುಳುಗುವವರೆಗೆ ಕಾದೆವು. ಹೊಳೆ ಇತ್ತು, ಮರಳು ಇತ್ತು, ಒಂದು ರೆಕ್ಕೆಯೂ ಕಾಣಲಿಲ್ಲ. ಕೆಳಗೆ ಬಲೆ ಬಿಡಿಸುತ್ತಿದ್ದ ಮೀನುಗಾರನೊಬ್ಬ ಕೂಗಿದ:

"ಏನ್ ನೋಡ್ತೀರಿ ಯಜಮಾನ್ರೆ, ಅಲ್ಲೇನ್ ಐತೆ?"

"ಬೆಳ್ಳಕ್ಕಿ."

"ಅವು ಕೂರೋ ಗಿಡಾನೇ ಕಡಿದು ನಿಮಗೆ ಅಟ್ಟ ಕಟ್ಯಾರಲ್ರಿ! ಯಾವ ಪುಣ್ಯಾತ್ಮನೋ, ಮೆಟ್ಲು ಮಾತ್ರ ಭಾಳ ಗಟ್ಟಿ ಅದಾವೆ."

"ಇವ್ರೇ ಕಟ್ಟಿದ್ದು ಕಣಪ್ಪಾ," ಎಂದಳು ಗಿರಿಜಾ, ಹೆಮ್ಮೆಯಿಂದ.

ಆತ ನನ್ನನ್ನೊಮ್ಮೆ ನೋಡಿ ಮತ್ತೆ ಬಲೆಗೆ ಕೈ ಹಾಕಿದ.

ಮರ ಕಡಿಯಿರಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೊಳೆ ನೋಡಲು ಅಡ್ಡವಾಗುತ್ತವೆ, ಕೆಲಸ ಚೊಕ್ಕ ಕಾಣಬೇಕು ಎಂದು ನಾನೇ ನಿಂತು ಕಡಿಸಿದ್ದೆ. ಹಕ್ಕಿ ಹೊಳೆಗಂತೂ ಬಂದೇ ಬರುತ್ತವೆ ಎಂದುಕೊಂಡಿದ್ದೆ. ಇಳಿಯುವಾಗ ಗಿರಿಜಾಗೆ ಅದನ್ನು ಹೇಳಿದೆ.

"ಬ್ಯಾರೆ ಕಡೆ ಹೋಗಿರ್ತಾವೆ ಬಿಡ್ರಿ," ಎಂದಳು. ಆಮೇಲೆ ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದೆವು.

ಹೊಳೆದಂಡೆಯಲ್ಲಿ ಈಗ ನನ್ನದು ಎನ್ನಲು ಇರುವುದು ನಲವತ್ತೆರಡು ಮೆಟ್ಟಿಲು, ಆರು ಜಾಲಿ ಬೊಡ್ಡೆ.