ಜಗಲಿಯ ಬೀಟೆ ಕಟಕಟೆ

ನಿನ್ನೆ ಮೊಮ್ಮಗಳ ಹೊಸ ಮನೆಯ ಮೆಟ್ಟಿಲಿಗೆ ಮರದ ಕಟಕಟೆ ಕೂರಿಸುತ್ತಿದ್ದರು. ಬೀಟೆಯ ಹೊಟ್ಟಿನ ವಾಸನೆ ಬಂದದ್ದೇ ತಡ, ಹನಗೋಡಿನ ನಮ್ಮ ಮನೆಯ ಜಗಲಿ ಕಣ್ಣೆದುರು ನಿಂತಿತು.

ಆಗ ಮಹಾರಾಜರ ಕಾಲ. ಜಗಲಿಗೊಂದು ಚೆಂದದ ಕಟಕಟೆ ಬೇಕೆಂದು ಅಪ್ಪ ಹೊಲದ ಬದುವಿನಲ್ಲಿದ್ದ ಬೀಟೆ ಮರ ಕಡಿಸಿದ್ದರು. ಹೊಲ ನಮ್ಮದಾದರೂ ಬೀಟೆ ಸರ್ಕಾರದ್ದು, ಕೇಳದೆ ಕಡಿಯುವಂತಿರಲಿಲ್ಲ. ಬಡಗಿ ಸಿದ್ದಾಚಾರಿ ಹಿತ್ತಿಲಲ್ಲೇ ಕೂತು ಒಂದೊಂದು ಕಿರುಗಂಬಕ್ಕೂ ಬಳ್ಳಿ, ಗಿಳಿ ಕೆತ್ತಿದ. ಬಂದವರಿಗೆಲ್ಲ ಅಪ್ಪ ಅದನ್ನು ಸವರಿ ಸವರಿ ತೋರಿಸುತ್ತಿದ್ದರು.

ಕಟಕಟೆ ಕೂರಿಸುವ ದಿನವೇ ಅರಣ್ಯದ ಗಾರ್ಡು ಬಂದು, "ಮರ ಎಲ್ಲೀದು ಗೌಡ್ರೇ?" ಎಂದ.

ಅಪ್ಪ ನೆಲ ನೋಡುತ್ತಾ, "ನಂಗೇನ್ ಗೊತ್ತು ಸ್ವಾಮಿ, ಆಚಾರಿ ತಂದಿದ್ದು" ಅಂದರು.

ಸಿದ್ದಾಚಾರಿ ಅಪ್ಪನ ಮುಖವನ್ನೇ ನೋಡಿದ. ಗಾರ್ಡು ಅವನ ರಟ್ಟೆ ಹಿಡಿದ. ನಾನು ನಾಚಿಕೆಯಿಂದ ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಹೊರಗಿನ ಗಂಡಸರೆದುರು ಎಂದೂ ಮಾತಾಡದ ಅವ್ವ ಜಗಲಿಗೆ ಬಂದಳು. "ಅವನ್ನ ಬುಡಿ ಸ್ವಾಮಿ. ಮರ ನಮ್ಮೊಲದ್ದು. ಕಡಿಸ್ದೋರು ನಮ್ಮನೆಯೋರು."

ಗಾರ್ಡು ಆಚಾರಿಯನ್ನು ಬಿಟ್ಟು ಕಟಕಟೆಯನ್ನು ಗಾಡಿಗೆ ಹೇರಿಸಿದ. ಅಪ್ಪ ಊರವರೆದುರು ಆ ಗಾಡಿಯ ಹಿಂದೆಯೇ ಹುಣಸೂರಿನ ಅರಣ್ಯ ಕಚೇರಿಗೆ ನಡೆದರು. ಮರಳಿದ ಮೇಲೆ ಅವ್ವನನ್ನು ಬೈಯಲಿಲ್ಲ. ಆದರೆ ಮತ್ತೆಂದೂ ಜಗಲಿಯಲ್ಲಿ ಕೂರಲಿಲ್ಲ, ಹಿತ್ತಿಲ ಬಾಗಿಲಿನಿಂದಲೇ ಓಡಾಡಿದರು. ಸಿದ್ದಾಚಾರಿ ಎದುರಾದರೆ ದಾರಿ ಬದಲಿಸುತ್ತಿದ್ದರು.

"ಅಜ್ಜಿ, ನಿಮ್ಮಪ್ಪ ಹೆಂಗಿದ್ರು?" ಎಂದು ಮೊಮ್ಮಗಳು ಕೇಳಿದಳು. ಒಳ್ಳೆಯವರು ಅಂದೆ. ಅದು ಸುಳ್ಳಲ್ಲ. ಆದರೂ ಹೇಳುವಾಗ ತಲೆ ತಾನಾಗಿ ತಗ್ಗಿತು.