ಗುಡ್ಡ ಹತ್ತಿಸಿದ ಆ್ಯಪ್

ಯುವಕರು ದಿನವಿಡೀ ಏನು ಮಾಡುತ್ತಾರೆಂದು ತಿಳಿಯಲು ನಮ್ಮ ಕಚೇರಿಗೊಂದು ಆ್ಯಪ್ ಬಂದಿತ್ತು. ಜೋಯಿಡಾದ ಕಾಡಿನ ಊರೊಂದರ ಹುಡುಗ ಹುಡುಗಿಯರನ್ನು ತಾಲೂಕು ಪೇಟೆಗೆ ಕರೆಸಿ, ಅವರ ಮೊಬೈಲಿಗೆ ಅದನ್ನು ಹಾಕಿಕೊಟ್ಟವನು ನಾನೇ. "ಈಗ ಏನು ಮಾಡುತ್ತಿದ್ದೀರಿ ಅಂತ ಇದು ಕೇಳ್ತೈತಿ. ಸುಳ್ಳು ಬರೀಬ್ಯಾಡ್ರಿ, ದಿನಾ ಉತ್ತರ ಕಳಸ್ರಿ" ಎಂದು ಉಪದೇಶವನ್ನೂ ಮಾಡಿ ಬಂದೆ.

ವಾರ ಬಿಟ್ಟು ನೋಡಿದರೆ ಎಲ್ಲರದೂ ಒಂದೇ ಉತ್ತರ: 'ಗುಡ್ಡದ ಮೇಲೆ ಕೂತಿದ್ದೇನೆ.'

ಸಾಹೇಬರು ರೇಗಿದರು. "ದುಡಿಯೋ ವಯಸ್ಸಿನವ್ರಿಗೆ ಗುಡ್ಡದ ಮ್ಯಾಲೆ ಏನ್ ಕೆಲಸಾ? ಹೋಗಿ ನೋಡ್ಕೊಂಡ್ ಬರ್ರಿ."

ಹೋದೆ. ಎಮ್ಮೆ ಹಿಂಡುತ್ತಿದ್ದ ಶಾಂತಾ ಎಂಬ ಕಾಲೇಜು ಹುಡುಗಿ ತಲೆ ಎತ್ತದೆಯೇ ಹೇಳಿದಳು: "ಊರಾಗ ರೇಂಜ್ ಎಲ್ಲೈತ್ರಿ ಸರ್? ಗುಡ್ಡ ಹತ್ತಿದ ಮ್ಯಾಲೇ ನಿಮ್ಮ ಪ್ರಶ್ನೆ ಬರೂದು."

"ಮತ್ತ ದಿನಾ ಯಾಕ ಹತ್ತತೀರಿ?"

"ನೀವ ಹೇಳೀರಲ್ರಿ, ದಿನಾ ಉತ್ತರ ಕಳಸ್ರಿ ಅಂತ."

"ಈ ಎಮ್ಮೆ, ಗದ್ದೆ ಕೆಲಸ, ಓದು?"

"ಅವನ್ನ ಮಾಡೂವಾಗ ಅದು ಕೇಳೂದಿಲ್ರಿ."

ನಾನು ಮರಳಿ ಬಂದು ಇದನ್ನು ಹೇಳುವಷ್ಟರಲ್ಲಿ ಸಾಹೇಬರ ವರದಿ ಮೇಲಕ್ಕೆ ಹೋಗಿಯಾಗಿತ್ತು. ಸೋಮಾರಿತನ ಬಿಡಿಸಲು ಆ ಊರಿಗೊಂದು ಶಿಬಿರವೂ ಮಂಜೂರಾಯಿತು. ಹೆಸರು ಕೊಡುವುದು ಮಾತ್ರ ಆ್ಯಪಿನಲ್ಲೇ ಆಗಬೇಕಂತೆ.